ಮಾತಿನ ಔಟ್‌ಟರ್ನ್: ಕಾಫಿ ಸೀಮೆಯಿಂದ ಒಂದು ಪತ್ರ

ಕಳಸ,
ಜನವರಿ ತಿಂಗಳ ಕೊನೆಯ ವಾರ

ಚಿರಂಜೀವಿ ಸೋದರಳಿಯನಿಗೆ ಸೋದರಮಾವನ ಆಶೀರ್ವಾದಗಳು.

ವ್ಯವಹಾರ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿಗೆಂದು ವಿದೇಶಕ್ಕೆ ಹೊರಡುವ ವಿದ್ಯಾರ್ಥಿಗೆ ಎಂಥ ಇಂಗ್ಲಿಷ್ ಬೇಕು ಎಂಬ ಪ್ರಶ್ನೆ ಮನೆಯಲ್ಲಿ ಎದ್ದಾಗಲೆಲ್ಲ ಚರ್ಚೆಯು ಉಚ್ಚಾರಣೆ, ವ್ಯಾಕರಣ ಮತ್ತು ಪರೀಕ್ಷೆಯ ಅಂಕಗಳಲ್ಲೇ ಮುಗಿದುಹೋಗುವುದುಂಟು. ಚಿಕ್ಕಮಗಳೂರಿನಿಂದ ಮೂಡಿಗೆರೆಯ ಮೂಲಕ ಕಳಸದವರೆಗೆ ಸಾಗಿದ ಈ ಪ್ರವಾಸವು ಅದೇ ಪ್ರಶ್ನೆಗೆ ಬೇರೊಂದು ಉತ್ತರವನ್ನು ಮುಂದಿಡುತ್ತದೆ. ಏಕೆಂದರೆ ಬೆಳೆದದ್ದರ ಬಹುಪಾಲನ್ನು ಕಡಲಾಚೆಗೆ ಮಾರುವ ಈ ಸೀಮೆಯಲ್ಲಿ ಇಂಗ್ಲಿಷ್ ಎಂಬುದು ತೂಕ, ತೇವ, ದರ ಮತ್ತು ಹೊಣೆಗಳನ್ನು ಅಳೆದು ಹೇಳುವ ಸಾಧನವಾಗಿ ದುಡಿಯುತ್ತಿದೆ.

ಚಂದ್ರದ್ರೋಣ ಪರ್ವತಶ್ರೇಣಿಗೆ ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮೆನ್‌ನಿಂದ ಏಳು ಕಾಫಿ ಬೀಜಗಳನ್ನು ತಂದರೆಂಬುದು ಪರಂಪರೆಯಿಂದ ಬಂದ ಕಥನ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ಪ್ಲಾಂಟರುಗಳು ಇಲ್ಲಿ ದೊಡ್ಡ ತೋಟಗಳನ್ನು ಎಬ್ಬಿಸಿದ ಮೇಲೆ ಗಿಡದ ಜೊತೆಗೆ ಒಂದು ಶಬ್ದಭಂಡಾರವೂ ಈ ಮಣ್ಣಿನಲ್ಲಿ ಬೇರೂರಿತು. ತೋಟದ ಲೆಕ್ಕ ಬರೆಯುವವರು ರೈಟರು, ಕೂಲಿಯವರು ವಾಸಿಸುವ ಸಾಲುಮನೆಗಳು ಲೈನು, ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಪಲ್ಪರು, ಸಿಪ್ಪೆ ಬಿಡಿಸಿ ತೊಳೆದು ಒಳಹೊಟ್ಟಿನೊಡನೆ ಒಣಗಿಸಿದ ಬೀಜ ಪಾರ್ಚ್‌ಮೆಂಟು, ಹಣ್ಣನ್ನು ಇಡಿಯಾಗಿ ಒಣಗಿಸಿದರೆ ಚೆರಿ, ಹೂವರಳಿಸುವ ಬೇಸಿಗೆಯ ಮಳೆ ಬ್ಲಾಸಂ ಷವರು. ಶಾಲೆಯ ಮೆಟ್ಟಿಲು ಹತ್ತದವರ ಬಾಯಲ್ಲೂ ಈ ಪದಗಳು ಕನ್ನಡದ ಪ್ರತ್ಯಯಗಳನ್ನು ಹಚ್ಚಿಕೊಂಡು ಸಲೀಸಾಗಿ ಓಡಾಡುತ್ತವೆ. ಆದರೆ ಇವೆಲ್ಲ ವಸ್ತುಗಳ ಹೆಸರುಗಳು. ಹೆಸರುಗಳ ಭಂಡಾರ ಎಷ್ಟೇ ದೊಡ್ಡದಿದ್ದರೂ, ಅಪರಿಚಿತನೊಬ್ಬನಿಗೆ ಒಂದು ವಿಷಯವನ್ನು ಸಂದೇಹಕ್ಕೆಡೆಯಿಲ್ಲದಂತೆ ತಿಳಿಸಿ, ಅವನ ಉತ್ತರವನ್ನು ಸರಿಯಾಗಿ ಗ್ರಹಿಸುವ ಸಾಮರ್ಥ್ಯ ಅದರಿಂದ ತಾನಾಗಿ ಬರುವುದಿಲ್ಲ.

ಆ ಸಾಮರ್ಥ್ಯದ ಅಗತ್ಯ ಬೆಳೆಗಾರನಿಗೆ ತಡವಾಗಿ ಬಂದುದಕ್ಕೆ ಚಾರಿತ್ರಿಕ ಕಾರಣವಿದೆ. 1942ರ ಕಾಫಿ ಕಾಯಿದೆಯಡಿ ರೂಪುಗೊಂಡ ಪೂಲ್ ವ್ಯವಸ್ಥೆಯಲ್ಲಿ, ಅಂದರೆ ಎಲ್ಲರ ಬೆಳೆಯೂ ಕಾಫಿ ಮಂಡಳಿಯ ಒಂದೇ ರಾಶಿಗೆ ಸೇರಿ ಮಂಡಳಿಯೇ ಅದನ್ನು ಹರಾಜಿನಲ್ಲಿ ಮಾರುತ್ತಿದ್ದ ಪದ್ಧತಿಯಲ್ಲಿ, ಬೆಳೆಗಾರನ ಕೆಲಸ ಕಾಫಿಯನ್ನು ಒಪ್ಪಿಸಿ ಕಂತುಗಳಲ್ಲಿ ಹಣ ಬರುವುದನ್ನು ಕಾಯುವುದಷ್ಟೇ ಆಗಿತ್ತು. ಕೊಳ್ಳುವವನಿಗೆ ಕಾಗದ ಬರೆಯುವ ಪ್ರಮೇಯವೇ ಇರಲಿಲ್ಲ. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾಗಳು ಕುಸಿದುಬಿದ್ದವು. 1992ರಿಂದ ಹಂತಹಂತವಾಗಿ ಸಡಿಲಗೊಂಡ ಪೂಲ್ 1996ರ ವೇಳೆಗೆ ಸಂಪೂರ್ಣ ತೆರವಾಗಿ, ಬೆಳೆಗಾರನು ಮಾರುಕಟ್ಟೆಯ ಎದುರು ನೇರವಾಗಿ ನಿಲ್ಲಬೇಕಾಯಿತು. ತೋಟದ ಬೆಳೆಗಳ ವ್ಯವಹಾರವನ್ನೇ ಸ್ನಾತಕೋತ್ತರ ವಿಷಯವಾಗಿ ಕಲಿಸುವ ಭಾರತೀಯ ಪ್ಲಾಂಟೇಷನ್ ನಿರ್ವಹಣಾ ಸಂಸ್ಥೆಯು ಬೆಂಗಳೂರಿನಲ್ಲಿ 1993ರಲ್ಲಿ ಆರಂಭವಾದದ್ದೂ ಇದೇ ಸಂಧಿಕಾಲದಲ್ಲಿ. ಅಪ್ಪ ರೈಟರಿಗೆ ಹೇಳಿ ಬರೆಸುತ್ತಿದ್ದ ಲೆಕ್ಕದ ಜಾಗದಲ್ಲಿ ಮಕ್ಕಳು ದರಪಟ್ಟಿ, ಮಾದರಿಯ ವಿವರಣೆ ಮತ್ತು ಕರಾರುಗಳನ್ನು ಇಂಗ್ಲಿಷಿನಲ್ಲಿ ಓದಿ ಸಹಿ ಹಾಕಬೇಕಾದ ಕಾಲ ಹೀಗೆ ಬಂದಿತು.

ಮೂಡಿಗೆರೆಯ ದಾರಿಯುದ್ದಕ್ಕೂ ಈಗ ಕೊಯ್ಲಿನ ಹಂಗಾಮು: ಅರೇಬಿಕಾ ಜಾತಿಯ ಕಾಫಿಯದು ಮುಗಿಯುತ್ತ ಬಂದು ರೊಬಸ್ಟಾ ಜಾತಿಯದು ಆರಂಭವಾಗಿದೆ, ಕಣಗಳಲ್ಲಿ ಹರಡಿದ ಹಣ್ಣು ಬಿಸಿಲಿಗೆ ಕಪ್ಪಾಗುತ್ತಿದೆ. ಇಲ್ಲಿನ ವ್ಯಾಪಾರಿಗಳು ಚೆರಿಯನ್ನು ಕೊಳ್ಳುವಾಗ ಚೀಲದ ಗಾತ್ರಕ್ಕೆ ಮರುಳಾಗುವುದಿಲ್ಲ. ಓಟಿ ಎಷ್ಟು ಎಂದು ಕೇಳುತ್ತಾರೆ. ಓಟಿ ಎಂಬುದು ಔಟ್‌ಟರ್ನ್ ಎಂಬ ಪದದ ಹ್ರಸ್ವರೂಪ: 50 ಕಿಲೋ ತೂಕದ ಒಂದು ಚೀಲ ಚೆರಿಯ ಹೊಟ್ಟು ತೆಗೆದಾಗ ಉಳಿಯುವ ಶುದ್ಧ ಬೀಜ ಎಷ್ಟು ಕಿಲೋ ಎಂಬ ಲೆಕ್ಕ. ಓಟಿ 26 ಎಂದರೆ ಉಳಿದ 24 ಕಿಲೋ ಹೊಟ್ಟು ಮತ್ತು ಕಸ. ವ್ಯವಹಾರದ ಭಾಷೆಗೂ ಇದೇ ಅಳತೆಯನ್ನು ಅನ್ವಯಿಸಬಹುದು. ಒಂದು ಪುಟದ ಪತ್ರದಿಂದ ಯಾರು, ಏನನ್ನು, ಎಷ್ಟು, ಎಂದಿನೊಳಗೆ, ಯಾವ ಷರತ್ತಿನ ಮೇಲೆ ಎಂಬ ಕಾಳುಗಳು ಎಷ್ಟು ಹೊರಬಿದ್ದವು ಎಂಬುದೇ ಅದರ ಬೆಲೆ. ನಮ್ಮ ಕಚೇರಿ ಇಂಗ್ಲಿಷಿನಲ್ಲಿ ರೂಢಿಯಾಗಿರುವ ‘ಕೈಂಡ್ಲಿ ಡೂ ದ ನೀಡ್‌ಫುಲ್’ ಎಂಬ ಪ್ರಯೋಗ ಹೊಟ್ಟಿಗೆ ಒಳ್ಳೆಯ ಉದಾಹರಣೆ. ಮಾಡಬೇಕಾದದ್ದು ಏನೆಂಬುದನ್ನು ಅದು ಓದುವವನ ಊಹೆಗೇ ಬಿಟ್ಟುಬಿಡುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಕನ್ನಡದ ಸೌಜನ್ಯದಲ್ಲಿದೆ. ಮಲೆನಾಡಿನ ಜಗಲಿಯಲ್ಲಿ ‘ನೋಡೋಣ’ ಎಂದರೆ ಬಹುಮಟ್ಟಿಗೆ ಇಲ್ಲವೆಂದೇ ಅರ್ಥ, ಮತ್ತು ಹಾಗೆ ಅರ್ಥಮಾಡಿಕೊಳ್ಳುವುದು ಕೇಳುವವನ ಹೊಣೆ. ಭಾಷಾವಿಜ್ಞಾನದಲ್ಲಿ ಸಂದರ್ಭಾರ್ಥ ಎಂದು ಕರೆಯುವ ಈ ಸಂಗತಿ, ಅಂದರೆ ಪದಗಳಾಚೆಗೆ ಸನ್ನಿವೇಶದಿಂದ ಹುಟ್ಟುವ ಅರ್ಥ, ಭಾಷೆಯೊಡನೆ ಗಡಿ ದಾಟುವುದಿಲ್ಲ. ‘ನೋಡೋಣ’ವನ್ನು ಇಂಗ್ಲಿಷಿಗೆ ತಿರುಗಿಸಿ ಬರೆದರೆ ಮಿಲಾನ್‌ನ ವ್ಯಾಪಾರಿ ಉತ್ತರಕ್ಕಾಗಿ ಕಾಯುತ್ತ ಕೂರುತ್ತಾನೆ. ಸಹಪಾಠಿಗಳ ಗುಂಪಿನಲ್ಲಿ ಕೆಲಸ ಹಂಚಿಕೊಳ್ಳುವಾಗ ‘ಆಯಿತು’ ಎಂದು ತಲೆಯಾಡಿಸಿದ ವಿದ್ಯಾರ್ಥಿ ಕೇಳಿಸಿಕೊಂಡೆನೆಂದನೋ ಒಪ್ಪಿಕೊಂಡೆನೆಂದನೋ ಎಂಬುದು ಇತರ ದೇಶಗಳವರಿಗೆ ತಿಳಿಯದೆ ಹೋಗುತ್ತದೆ. ಸೌಜನ್ಯವನ್ನು ಕೈಬಿಡಬೇಕಿಲ್ಲ, ಒಪ್ಪಿಗೆ ಅಥವಾ ನಿರಾಕರಣೆಯನ್ನು ಮೊದಲ ವಾಕ್ಯದಲ್ಲಿ ಇಟ್ಟು, ಕಾರಣವನ್ನೂ ಕೃತಜ್ಞತೆಯನ್ನೂ ಎರಡನೆಯದರಲ್ಲಿ ಇಟ್ಟರೆ ಸಾಕು.

ಕರಾರಿನ ಭಾಷೆ ಇನ್ನೂ ಬಿಗಿಯಾದುದು. ಅಂತಾರಾಷ್ಟ್ರೀಯ ವಾಣಿಜ್ಯ ಮಂಡಳಿಯು 1936ರಲ್ಲಿ ಮೊದಲಿಗೆ ಪ್ರಕಟಿಸಿದ, 2020ರಲ್ಲಿ ಪರಿಷ್ಕೃತ ರೂಪದಲ್ಲಿ ಜಾರಿಗೆ ಬಂದ ಇನ್‌ಕೋಟರ್ಮ್ಸ್ ಎಂಬ ವ್ಯಾಪಾರ ಪದಗಳ ಪ್ರಕಾರ, ‘ಎಫ್‌ಒಬಿ ನವಮಂಗಳೂರು’ ಎಂದು ಬರೆದರೆ ಸರಕು ಆ ಬಂದರಿನಲ್ಲಿ ಹಡಗನ್ನೇರುವವರೆಗಿನ ಹೊಣೆ ಮಾರುವವನದು, ಆಮೇಲಿನದು ಕೊಳ್ಳುವವನದು. ‘ಮಾದರಿಯ ಒಪ್ಪಿಗೆಗೆ ಒಳಪಟ್ಟು’ ಎಂಬ ಒಂದು ಪದಗುಚ್ಛ ಸೇರಿದರೆ, ಕಳಿಸಿದ ಸ್ಯಾಂಪಲ್ ಕೊಳ್ಳುವವನಿಗೆ ಹಿಡಿಸುವವರೆಗೆ ಮಾರಾಟ ಸ್ಥಿರವಾಗುವುದಿಲ್ಲ. ಅಂಕಿಗಳಿಗೂ ವ್ಯಾಕರಣವಿದೆ: ಅರೇಬಿಕಾದ ದರವನ್ನು ನ್ಯೂಯಾರ್ಕ್ ಮಾರುಕಟ್ಟೆ ಒಂದು ಪೌಂಡಿಗೆ, ಎಂದರೆ ಸುಮಾರು 453.6 ಗ್ರಾಮಿಗೆ, ಇಷ್ಟು ಅಮೆರಿಕನ್ ಸೆಂಟು ಎಂದು ಹೇಳುತ್ತದೆ; ರೊಬಸ್ಟಾದ ದರವನ್ನು ಲಂಡನ್ ಮಾರುಕಟ್ಟೆ ಟನ್ನಿಗೆ ಇಷ್ಟು ಡಾಲರು ಎನ್ನುತ್ತದೆ; ಮೂಡಿಗೆರೆಯ ವ್ಯಾಪಾರಿ 50 ಕಿಲೋ ಚೀಲಕ್ಕೆ ಇಷ್ಟು ರೂಪಾಯಿ ಎನ್ನುತ್ತಾನೆ. ತರಗತಿಯಲ್ಲಿ ವರದಿ ಮಂಡಿಸುವ ವಿದ್ಯಾರ್ಥಿ ಮಾನವನ್ನು ಹೇಳದೆ ಸಂಖ್ಯೆಯನ್ನಷ್ಟೇ ಹೇಳಿದರೆ, ಅವನ ಉಚ್ಚಾರಣೆ ಎಷ್ಟು ನಯವಾಗಿದ್ದರೂ ಕೇಳುವವರಿಗೆ ದಕ್ಕುವುದು ಶೂನ್ಯ.

ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಸಾಗುವ ದಾರಿಯ ತೋಟಗಳಲ್ಲಿ ಕನ್ನಡ, ತುಳು, ತಮಿಳು, ಮಲಯಾಳಂ ಮತ್ತು ಕೊಂಕಣಿಗಳ ಜೊತೆಗೆ ಈಚಿನ ವರ್ಷಗಳಲ್ಲಿ ಅಸ್ಸಾಮಿನಿಂದ ಬಂದ ಕೆಲಸಗಾರರ ಮಾತೂ ಕೇಳುತ್ತದೆ. ಮೇಸ್ತ್ರಿಯಾದವನು ಇವರೆಲ್ಲರೊಡನೆ ವ್ಯವಹರಿಸುವುದು ಯಾರ ಮನೆಮಾತೂ ಅಲ್ಲದ ಒಂದು ಮಿಶ್ರ ಮಾತಿನಲ್ಲಿ. ಅವನು ಸಣ್ಣ ವಾಕ್ಯಗಳನ್ನು ಆಡುತ್ತಾನೆ, ಕೈಯಿಂದ ತೋರಿಸುತ್ತಾನೆ, ಹೇಳಿದ್ದನ್ನು ತಿರುಗಿ ಹೇಳಿಸಿ ಖಾತ್ರಿಪಡಿಸಿಕೊಳ್ಳುತ್ತಾನೆ. ವಿದ್ವಾಂಸರು ಸಂಪರ್ಕಭಾಷೆ ಎಂದು ಕರೆಯುವುದು ಇದನ್ನೇ, ಮತ್ತು ಇಂದಿನ ವಾಣಿಜ್ಯ ಇಂಗ್ಲಿಷಿನ ಬಹುಪಾಲು ಇದೇ ಬಗೆಯದು. ಭಾರತದ ಕಾಫಿಯನ್ನು ಕೊಳ್ಳುವವರಲ್ಲಿ ಮುಂಚೂಣಿಯಲ್ಲಿರುವ ಇಟಲಿ, ಜರ್ಮನಿ ಮತ್ತು ಬೆಲ್ಜಿಯಂ ದೇಶದವರಿಗೂ ಇಂಗ್ಲಿಷ್ ಕಲಿತು ಬಂದ ಭಾಷೆಯೇ. ಆಂಗ್ಲರ ಗಾದೆಗಳನ್ನೂ ನುಡಿಗಟ್ಟುಗಳನ್ನೂ ಕಂಠಪಾಠ ಮಾಡಿ ಅಲ್ಲಿಗೆ ಹೋದವನಿಗಿಂತ, ಮೇಸ್ತ್ರಿಯ ಹಾಗೆ ತಿರುಗಿ ಕೇಳಿ ಖಚಿತಪಡಿಸಿಕೊಳ್ಳಬಲ್ಲವನು ಅಂಥ ಮೇಜಿನ ಸುತ್ತ ಹೆಚ್ಚು ಪ್ರಯೋಜನಕ್ಕೆ ಬರುತ್ತಾನೆ.

ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು 2007ರವರೆಗೆ ಬಾಳಿದ ಲೇಖಕ ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನ ಕೊಟ್ಟಿಗೆಹಾರದಲ್ಲಿದೆ. ಕೆನೆತ್ ಆಂಡರ್ಸನ್ನರ ಇಂಗ್ಲಿಷ್ ಬೇಟೆ ಕಥನಗಳನ್ನು ಅವರು ಕನ್ನಡಕ್ಕೆ ತಂದ ರೀತಿಯಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಒಂದು ಪಾಠವಿದೆ: ಪದಕ್ಕೆ ಪದ ಇಡದೆ, ಓದಿದ್ದನ್ನು ಪೂರ್ತಿ ಅರಗಿಸಿಕೊಂಡು ತನ್ನ ಓದುಗನಿಗೆ ಹೇಳುವ ಕ್ರಮ ಅದು. ವಿದೇಶದ ವಿಶ್ವವಿದ್ಯಾಲಯಗಳು ಕೃತಿಚೌರ್ಯವೆಂದು ಶಿಕ್ಷಿಸುವ ತಪ್ಪಿನಲ್ಲಿ, ಅಂದರೆ ಪರರ ವಾಕ್ಯವನ್ನು ಮೂಲ ಹೇಳದೆ ಬಳಸುವುದರಲ್ಲಿ, ಬಹಳಷ್ಟು ದುರುದ್ದೇಶದಿಂದ ಆಗುವುದಿಲ್ಲ. ಅರಗದ ಓದಿನಿಂದ ಆಗುತ್ತದೆ. ಇಂಗ್ಲಿಷಿನ ವರದಿಯೊಂದನ್ನು ಮನೆಯ ಹಿರಿಯರಿಗೆ ಕನ್ನಡದಲ್ಲಿ ವಿವರಿಸಬಲ್ಲವನು ಅದನ್ನು ತನ್ನದೇ ಇಂಗ್ಲಿಷಿನಲ್ಲಿ ಬರೆಯಲೂ ಬಲ್ಲ.

ಕಳಸದಿಂದ ಭದ್ರಾ ನದಿಯ ಹರಿವಿನ ಜಾಡಿನಲ್ಲೇ ಕೆಳಗಿಳಿದರೆ ಬಾಳೆಹೊನ್ನೂರು ಸಿಗುತ್ತದೆ. ಅಲ್ಲಿ 1925ರಲ್ಲಿ ಮೈಸೂರು ಸರ್ಕಾರ ಸ್ಥಾಪಿಸಿದ ಪ್ರಯೋಗ ಕೇಂದ್ರವೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಈ ಸಂಸ್ಥೆಯನ್ನು ನೋಡಿಕೊಳ್ಳುವ ಕಾಫಿ ಮಂಡಳಿಯೇ ನಡೆಸುವ ಕಾಫಿ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾದ ವಿದ್ಯಾರ್ಥಿಗಳು ಕಪ್ಪಿಂಗ್ ಎಂಬ ರುಚಿಪರೀಕ್ಷೆಯನ್ನು ಕಲಿಯುತ್ತಾರೆ. 150 ಮಿಲಿಲೀಟರ್ ನೀರಿಗೆ 8.25 ಗ್ರಾಂ ಪುಡಿ ಎಂಬ ಅಳತೆಯಲ್ಲಿ ಬಟ್ಟಲುಗಳನ್ನು ಸಿದ್ಧಪಡಿಸಿ, ಗುಣಗಳನ್ನು ಒಂದೊಂದಾಗಿ ತೂಗಿ, 100ಕ್ಕೆ ಅಂಕ ಕೊಡುವ ಪದ್ಧತಿ ಅದು. 80 ಮತ್ತು ಅದರ ಮೇಲೆ ಬಂದರೆ ವಿಶೇಷ ದರ್ಜೆ. ಇಲ್ಲಿ ‘ಅಸಿಡಿಟಿ’ ಎಂಬ ಪದದ ಪಾಡು ಗಮನಾರ್ಹ: ಕನ್ನಡಿಗರ ಆಡುಮಾತಿನಲ್ಲಿ ಅದು ಹೊಟ್ಟೆಯುರಿಯ ಹೆಸರು, ಕಪ್ಪಿಂಗ್ ಮೇಜಿನಲ್ಲಿ ಒಳ್ಳೆಯ ಅರೇಬಿಕಾಕ್ಕೆ ಸಲ್ಲುವ ಮೆಚ್ಚುಗೆ. ಇಂಥ ಪದಗಳನ್ನು ನಿಘಂಟಿನಿಂದ ಕಲಿಯಲಾಗದು. ಹಲವರು ಒಂದೇ ಬಟ್ಟಲನ್ನು ರುಚಿನೋಡಿ, ತಮ್ಮ ತಮ್ಮ ಅಂಕಗಳನ್ನು ಎದುರುಬದುರು ಇಟ್ಟು, ಒಂದು ಪದಕ್ಕೆ ಒಂದೇ ಅರ್ಥ ನಿಲ್ಲುವವರೆಗೆ ಚರ್ಚಿಸುತ್ತಾರೆ. ವಿದೇಶದ ವಿಚಾರಗೋಷ್ಠಿಯಲ್ಲಿ ನಡೆಯಬೇಕಾದದ್ದೂ ಇದೇ, ಮತ್ತು ಅಲ್ಲಿ ಸುಮ್ಮನೆ ಕುಳಿತವನು ಅಂಕ ಬರೆಯದ ರುಚಿಗಾರನಂತೆ.

ಪರೀಕ್ಷೆಯ ವಿಚಾರಕ್ಕೆ ಇಷ್ಟು ಸಾಕು: ಐಇಎಲ್‌ಟಿಎಸ್ ಆಲಿಸುವ, ಓದುವ, ಬರೆಯುವ, ಮಾತನಾಡುವ ನಾಲ್ಕು ಕೌಶಲಗಳನ್ನು 9ರವರೆಗಿನ ಶ್ರೇಣಿಯಲ್ಲಿ ಅಳೆಯುತ್ತದೆ, ಮಾತಿನ ಪರೀಕ್ಷೆ 11ರಿಂದ 14 ನಿಮಿಷಗಳಲ್ಲಿ ಮುಗಿಯುತ್ತದೆ. ಅದು ಪ್ರವೇಶದ ಚೀಟಿ. ಎರಡು ವರ್ಷಗಳ ಒಡನಾಟದ ಭಾಷೆಯನ್ನು ಅಷ್ಟು ನಿಮಿಷಗಳ ಪರೀಕ್ಷೆಗೆ ಮಾಡಿದ ಸಿದ್ಧತೆ ಕೊಡಲಾರದು.

ಆದಕಾರಣ ಹೊರಡುವ ಮುನ್ನ ಒಂದು ಕೆಲಸ ಆಗಲಿ. ಮನೆಯ ತೋಟದ ಈ ವರ್ಷದ ರೊಬಸ್ಟಾ ಚೆರಿಯನ್ನು ಮಾರಲು ಇಟಲಿಯ ವ್ಯಾಪಾರಿಗೆ ಬರೆಯುವಂತೆ ಒಂದು ಪುಟದ ಇಂಗ್ಲಿಷ್ ಪತ್ರವನ್ನು ಬರೆದು, ಅದರಲ್ಲಿ ಒಂದೂ ಹೊಗಳಿಕೆಯ ವಿಶೇಷಣವಿಲ್ಲದಂತೆ ನೋಡಿಕೊಂಡು, ಮುಂದಿನ ಅಂಚೆಗೆ ಕಳಿಸಿಕೊಡುವುದು. ಓಟಿಯನ್ನು ಇಲ್ಲಿ ತೆಗೆಯಲಾಗುವುದು.

ಇತಿ ಆಶೀರ್ವಾದಗಳೊಂದಿಗೆ,
ಸೋದರಮಾವ