ಹೊಟ್ಟೆಯೊಳಗಿನ ಸದ್ದು

ಹಳೆಯ ಮೋಟಾರು ಕಾರನ್ನು ಸಾಕುವವರಿಗೆ ಸಂಗೀತಗಾರನ ಕಿವಿ ಇರಬೇಕು. ಇಲ್ಲವಾದರೆ ದೊಡ್ಡ ಹಣದ ಚೀಲವಾದರೂ ಇರಬೇಕು. ಹರದನಹಳ್ಳಿಯ ಆ ಯಜಮಾನರಿಗೆ ಎರಡನೆಯದು ಎಂದೂ ಇರಲಿಲ್ಲ. ತಂದೆ ಬಿಟ್ಟುಹೋದ 1930ರ ಫೋರ್ಡ್ ‘ಎ’ ಮಾದರಿಯ ಕಾರು, ಒಂದು ಕಾಲಕ್ಕೆ ಎತ್ತುಗಳನ್ನು ಕಟ್ಟುತ್ತಿದ್ದ ಕೊಟ್ಟಿಗೆಯಲ್ಲಿ ನಿಂತಿತ್ತು. ಮದುವೆಯ ದಿನ ಚಾಮರಾಜನಗರದ ಛತ್ರಕ್ಕೆ ಅದರಲ್ಲಿಯೇ ಹೋಗಬೇಕೆಂದು ಮೊಮ್ಮಗಳು ಹತ್ತು ವರ್ಷದವಳಾಗಿದ್ದಾಗಲೇ ತಾತನಿಂದ ಮಾತು ಪಡೆದಿದ್ದಳು. ಈಗ ಆ ಮದುವೆಗೆ ಉಳಿದಿದ್ದುದು ನಾಲ್ಕೇ ದಿನ.

ಪರೀಕ್ಷೆಗೆಂದು ಹೊರಟ ಕಾರು ದಿವ್ಯಲಿಂಗೇಶ್ವರ ದೇವಸ್ಥಾನವನ್ನು ದಾಟುವಾಗ ಸದ್ದು ಕೇಳಿಸಿತು. ವೇಗ ಹಿಡಿದು ಕಾಲನ್ನು ಸಡಿಲಿಸಿದರೆ ಸಾಕು, ಯಾರೋ ಒಳಗಿನಿಂದ ಬೆರಳಗೆಣ್ಣಿನಲ್ಲಿ ಬಾಗಿಲು ಬಡಿದಂತೆ, ಟಕ್ ಟಕ್ ಟಕ್. ಮದುವೆಗೆ ಬಂದಿದ್ದ ನೆಂಟರೆಲ್ಲ ವೈದ್ಯರಾದರು. ದಪ್ಪ ಎಣ್ಣೆ ಹಾಕಿದರೆ ಸದ್ದು ಅಡಗುತ್ತದೆ ಎಂದರು ಒಬ್ಬರು. ಅಡಗುತ್ತದೆ, ನಿಜ. ಜ್ವರ ಬಂದವನಿಗೆ ಕಂಬಳಿ ಹೊದಿಸಿದರೆ ನಡುಕವೂ ಕಾಣುವುದಿಲ್ಲ.

ಚಾಮರಾಜನಗರದಿಂದ ಬಂದ ಮುದಿ ಮಿಸ್ತ್ರಿ ಮಾತಾಡಲಿಲ್ಲ. ಈ ಕಾರಿನಲ್ಲಿ ಎಣ್ಣೆಯ ಒತ್ತಡವನ್ನು ತೋರಿಸುವ ಮುಳ್ಳೇ ಇಲ್ಲ, ಕಿವಿಯೇ ಮುಳ್ಳು. ಸ್ಟಿಯರಿಂಗ್ ಚಕ್ರದ ಕೆಳಗೆ ಎಡಗಡೆ, ಕಿಡಿಯನ್ನು ಮುಂಚೆಯೋ ತಡವಾಗಿಯೋ ಹೊತ್ತಿಸುವ ಒಂದು ಸನ್ನೆಯುಂಟು. ಕಿಡಿ ತೀರ ಮುಂಚೆ ಹೊತ್ತಿದರೂ ಎಂಜಿನ್ ಬಡಿದುಕೊಳ್ಳುತ್ತದೆ. ಮಿಸ್ತ್ರಿ ಸನ್ನೆಯನ್ನು ಹಿಂದಕ್ಕೆ ಸರಿಸಿದರು, ಸದ್ದು ನಿಲ್ಲಲಿಲ್ಲ. ಸವೆದ ಪಿಸ್ಟನ್ನಿನ ತಾಳವಾದರೆ ಎಂಜಿನ್ ಕಾದಂತೆ ತಗ್ಗಬೇಕು. ಇದು ಕಾದಂತೆ ಹೆಚ್ಚಿತು. ಉದ್ದನೆಯ ಮರದ ಹಿಡಿಯ ತಿರುಪುಳಿಯನ್ನು ಒಂದೊಂದೇ ಪ್ಲಗ್ಗಿಗೆ ಮುಟ್ಟಿಸಿ, ಕಿಡಿಯನ್ನು ಎಂಜಿನ್ನಿನ ಮೈಗೆ ಹರಿಯಬಿಟ್ಟರು. ಒಂದನೆಯದು, ಎರಡನೆಯದು: ಎಂಜಿನ್ ಕುಂಟಿತು, ಟಕ್‌ಟಕ್ ಹಾಗೆಯೇ ಇತ್ತು. ಮೂರನೆಯದಕ್ಕೆ ಮುಟ್ಟಿಸಿದೊಡನೆ ಸದ್ದು ಮೆತ್ತಗಾಯಿತು. ಸಿಲಿಂಡರಿನೊಳಗೆ ಸಿಡಿತವಿಲ್ಲದಿದ್ದರೆ ರಾಡಿನ ಮೇಲೆ ಹೊಡೆತವಿಲ್ಲ. ಸಡಿಲವಾದ ಬೇರಿಂಗು ಆಗ ಮಾತ್ರ ಬಾಯಿ ಮುಚ್ಚುತ್ತದೆ.

ತಳದ ಎಣ್ಣೆಯನ್ನು ಬೋಗುಣಿಗೆ ಇಳಿಸಿದರು. ಕಪ್ಪು ಎಣ್ಣೆಯಲ್ಲಿ ಬೆಳ್ಳಿಯ ಪುಡಿಯಂತೆ ಏನೋ ಮಿಂಚಿತು. ಅಯಸ್ಕಾಂತಕ್ಕೆ ಅದು ಅಂಟಲಿಲ್ಲ, ಆದುದರಿಂದ ಉಕ್ಕಲ್ಲ. ಅದು ಬಿಳಿಲೋಹ: ಬಹುಪಾಲು ತವರ, ಜೊತೆಗೆ ಆಂಟಿಮನಿ ಮತ್ತು ತಾಮ್ರ. 1839ರಲ್ಲಿ ಅಮೆರಿಕದ ಐಸಾಕ್ ಬ್ಯಾಬಿಟ್ ಪೇಟೆಂಟ್ ಪಡೆದ ಬೇರಿಂಗಿನಿಂದ ಇದಕ್ಕೆ ಅವನ ಹೆಸರೇ ಅಂಟಿತು. ಮೆತ್ತಗಿರುವುದೇ ಇದರ ಗುಣ. ಎಣ್ಣೆಯಲ್ಲಿ ಬಂದ ಮರಳಿನ ಕಣವನ್ನು ತನ್ನೊಳಗೆ ಹುದುಗಿಸಿಕೊಂಡು, ತಾನು ಸವೆದು, ಕ್ರ್ಯಾಂಕಿನ ಉಕ್ಕನ್ನು ಉಳಿಸುತ್ತದೆ. ಈಚಿನ ಕಾರುಗಳಂತೆ ತೆಳುವಾದ ಚಿಪ್ಪನ್ನು ತೆಗೆದು ಬೇರೊಂದನ್ನು ಕೂಡಿಸುವಂತಿಲ್ಲ. ರಾಡನ್ನು ಹೊರತೆಗೆದು, ಲೋಹವನ್ನು ಕರಗಿಸಿ ಎರೆದು, ಅಳತೆಗೆ ಕೊರೆಯಬೇಕು. ಎರೆಯಬಲ್ಲ ಕೈಗಳನ್ನು ಈಗ ಹುಡುಕಿಕೊಂಡು ಹೋಗಬೇಕು.

“ಎಣ್ಣೆ ಬದಲಿಸಿ ಎಷ್ಟು ದಿನವಾಯಿತು, ಸ್ವಾಮಿ?”

“ಎರಡು ಮಳೆಗಾಲ,” ಎಂದರು ಯಜಮಾನರು. ನೆಂಟರ ಮುಂದೆ ಆ ಮಾತು ಹೇಳುವುದು ಅವರಿಗೆ ಸುಲಭವಾಗಿರಲಿಲ್ಲ. “ಛತ್ರದವರೆಗೆ ಮಾತ್ರ, ನಿಧಾನವಾಗಿ ಹೋದರೆ?”

ಮಿಸ್ತ್ರಿ ತಳದ ತಟ್ಟೆಯನ್ನು ಕಳಚಿ, ಮೂರನೆಯ ರಾಡನ್ನು ಹಿಡಿದು ಮೇಲೆ ಕೆಳಗೆ ಆಡಿಸಿದರು. ಅದು ಕೈಗೇ ಕುಲುಕಿತು. ಆಮೇಲೆ ಅದರ ಮುಚ್ಚಳ ಬಿಚ್ಚಿ, ಯಜಮಾನರ ಬೆರಳನ್ನು ಒಯ್ದು ಕ್ರ್ಯಾಂಕಿನ ಮೇಲೆ ಉಗುರಾಡಿಸಿದರು.

“ಇನ್ನೂ ನುಣುಪಾಗಿದೆ. ಛತ್ರ ಮುಟ್ಟುವ ಹೊತ್ತಿಗೆ ಹೀಗೇ ಇರುತ್ತದೆಂದು ನಾನು ಹೇಳಲಾರೆ.”

ಅಷ್ಟರಲ್ಲಿ ಮದುವಣಗಿತ್ತಿ ಬಂದಳು. ಬೋಗುಣಿಗೆ ಬೆರಳದ್ದಿ ಬಿಸಿಲಿಗೆ ಹಿಡಿದು, “ತಾತ, ನನಗೆ ಕೊಟ್ಟ ಬೆಳ್ಳಿ ಸಾಲದೆಂದು ಕಾರಿನಿಂದಲೂ ತೆಗೆಸಿದಿರಾ?” ಎಂದಳು. ತಾತ ನಗಲಿಲ್ಲ. ಅವಳು ಬೆರಳನ್ನು ಒರೆಸಿಕೊಂಡು, “ಹೋಗಲಿ ಬಿಡಿ. ಬಾಣಂತನಕ್ಕೆ ನಾನು ಬರುವ ಹೊತ್ತಿಗೆ ಸಿದ್ಧವಾಗಿದ್ದರೆ ಆಯಿತು,” ಎಂದಳು.

“ಅಷ್ಟು ಕಾಲ ಬೇಡ, ತಾಯಿ,” ಎಂದು ಮಿಸ್ತ್ರಿ ಮೂರನೆಯ ರಾಡಿನ ನಟ್ಟುಗಳನ್ನು ಎಣಿಸಿ ಬಟ್ಟೆಯಲ್ಲಿ ಗಂಟು ಕಟ್ಟಿದರು.