ಕೊನೆಯ ಮನೆಯ ಲೆಕ್ಕ

ಐವತ್ತು ಪೈಸೆಗೆ ಇವತ್ತು ಸಿಗುವ ವಸ್ತುಗಳಲ್ಲಿ ಪೋಸ್ಟ್ ಕಾರ್ಡ್ ಒಂದು. ಎರಡನೆಯದು ಯಾವುದೆಂದು ಹೇಳುವುದು ಕಷ್ಟ. ಆ ಕಾರ್ಡನ್ನು ಬೈಂದೂರಿನ ಡಬ್ಬಿಗೆ ಹಾಕಿ ಕುಂದಾಪುರಕ್ಕೆ ಕಳಿಸಿದರೂ ಅದೇ ಬೆಲೆ, ದೆಹಲಿಗೆ ಕಳಿಸಿದರೂ ಅದೇ ಬೆಲೆ. ಒಂದು ಕಾರ್ಡ್ ತಲುಪಿಸಲು ಹನ್ನೆರಡು ರೂಪಾಯಿಯಷ್ಟು ಖರ್ಚಾಗುತ್ತದೆ ಎಂಬ ಲೆಕ್ಕ ಕೆಲವು ವರ್ಷಗಳ ಹಿಂದೆ ಪತ್ರಿಕೆಗಳಲ್ಲಿ ಬಂದಿತ್ತು. 2018-19ರಲ್ಲಿ ಅಂಚೆ ಇಲಾಖೆಯ ಕೊರತೆ ಸುಮಾರು 15,000 ಕೋಟಿ ರೂಪಾಯಿ ಎಂಬ ಸುದ್ದಿಯೂ ಅದರ ಜೊತೆಗೇ ಬಂತು. ಮುಂದೆ 2022ರಲ್ಲಿ ಏರ್ ಇಂಡಿಯಾ ಟಾಟಾ ಕೈಗೆ ಹೋಯಿತು. ವಿಮಾನವನ್ನೇ ಮಾರಿದ ಮೇಲೆ ಕೆಂಪು ಡಬ್ಬಿಗಳನ್ನು ಯಾಕೆ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆ ಅಲ್ಲಿಂದ ಮುಂದೆ ಮತ್ತೆ ಮತ್ತೆ ಏಳುತ್ತಿದೆ.

ಡೊಂಬಿವಿಲಿಯಲ್ಲಿರುವ, ಎಪ್ಪತ್ತು ದಾಟಿದ, ಒಬ್ಬ ನಿವೃತ್ತ ಹೋಟೆಲ್ ಕ್ಯಾಶಿಯರ್‌ಗೆ ಈ ಪ್ರಶ್ನೆ ಕೇಳಿದರೇ ಸಿಟ್ಟು. ಹದಿಮೂರನೆಯ ವಯಸ್ಸಿಗೆ ಬೈಂದೂರು ಕಡೆಯ ಹಳ್ಳಿಯಿಂದ ಮುಂಬಯಿಗೆ ಬಂದವರು. ಫೋರ್ಟಿನ ಹೋಟೆಲೊಂದರಲ್ಲಿ ಹಗಲು ಮೇಜು ಒರೆಸಿ, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿದರು. ಸಂಬಳ ಕೈಗೆ ಬಂದ ಮರುದಿನ ಮನಿಯಾರ್ಡರ್. ಫಾರ್ಮಿನ ತುದಿಯ ಚೀಟಿಯಲ್ಲಿ ನಾಲ್ಕು ಮಾತು ಬರೆಯಲು ಜಾಗವಿರುತ್ತಿತ್ತು. 'ನಾನು ಸೌಖ್ಯ, ಮಳೆ ಹಿಡಿಯುವ ಮೊದಲು ಮಾಡಿಗೆ ಹುಲ್ಲು ಹೊದೆಸಿ' ಎಂದು ಅದರಲ್ಲಿ ಬರೆದರೆ, ಓದು ಬಾರದ ತಾಯಿಗೆ ಪೋಸ್ಟ್‌ಮ್ಯಾನೇ ಅಂಗಳದಲ್ಲಿ ನಿಂತು ಓದಿ ಹೇಳಿ, ಹಣ ಎಣಿಸಿ ಕೊಟ್ಟು, ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ. ಆ ಹೆಬ್ಬೆಟ್ಟಿನ ರಸೀದಿ ಹೊರಳಿ ಮುಂಬಯಿಗೆ ಬರುತ್ತಿತ್ತು. ತಾಯಿ ಇನ್ನೂ ಇದ್ದಾಳೆ ಎನ್ನುವುದಕ್ಕೆ ಹುಡುಗನ ಹತ್ತಿರ ಇದ್ದ ಪುರಾವೆ ಅದೊಂದೇ. ಆ ಕಾಲದಲ್ಲಿ ಕರಾವಳಿಯ ಎಷ್ಟು ಮನೆಗಳ ಒಲೆ ಹೀಗೆ ಉರಿಯಿತು ಎಂಬುದನ್ನು ಮುಂಬಯಿ ಕನ್ನಡಿಗರಿಗೆ ಹೇಳಬೇಕಾಗಿಲ್ಲ.

ಅವರ ತಮ್ಮನ ಮಗ ಪುಣೆಯಲ್ಲಿ ಸರಕು ಸಾಗಣೆಯ ಸಾಫ್ಟ್‌ವೇರ್ ಬರೆಯುವವನು. ಗಣೇಶನ ಹಬ್ಬಕ್ಕೆ ಬಂದಾಗಲೆಲ್ಲ ಇಬ್ಬರಿಗೂ ಇದೇ ಜಟಾಪಟಿ.

"ದೊಡ್ಡಪ್ಪ, ನಿಮ್ಮ ಹಳೇ ನೆನಪಿಗೆ ದೇಶದವರೆಲ್ಲ ಟ್ಯಾಕ್ಸ್ ಕಟ್ಟಬೇಕಾ? ಈಗ ದುಡ್ಡು ಎರಡು ಸೆಕೆಂಡಲ್ಲಿ ಹೋಗುತ್ತೆ."

"ದುಡ್ಡು ಹೋತ್ತ್. ನಿನ್ನ ಅತ್ತೆ ಮನಿಗೆ ಮಳ್‌ಗಾಲ್ದಗೆ ನಿನ್ನ ಕೊರಿಯರಿನವ ಹೋತ್ನಾ? ಅದ್ ಹೇಳ್."

ಕೊರಿಯರಿನವನು ಹೋಗುವುದಿಲ್ಲ. ಪೇಟೆಯ ಸರ್ಕಲ್ಲಿನಿಂದ ಫೋನು ಮಾಡಿ, ಬಂದು ತೆಗೆದುಕೊಂಡು ಹೋಗಿ ಎನ್ನುತ್ತಾನೆ. ಅತ್ತೆಗೆ ಮೊಣಕಾಲು ನೋವು. ಆಕೆಯ ಪಿಂಚಣಿ ಬರುವುದು ಹಳ್ಳಿಯ ಬ್ರಾಂಚ್ ಪೋಸ್ಟ್ ಆಫೀಸಿನ ಖಾತೆಗೆ. ಬೆರಳಚ್ಚು ಹಿಡಿಯದ ದಿನ ಆ ಪೋಸ್ಟ್‌ಮಾಸ್ಟರ್ ಹೆಂಗಸು ಬೆರಳು ಒರೆಸಿ ಮತ್ತೊಮ್ಮೆ ಒತ್ತಿಸಿ ನೋಡುತ್ತಾಳೆ. ಹುಡುಗನ ಹತ್ತಿರ ಇದಕ್ಕೂ ಉತ್ತರವಿದೆ: ಸರ್ಕಾರ ಟೆಂಡರ್ ಕರೆಯಲಿ, ಹಳ್ಳಿಗೆ ಹೋಗುವ ಕಂಪನಿಗೆ ದುಡ್ಡು ಕೊಡಲಿ. ಅದು ತಳ್ಳಿಹಾಕುವ ಮಾತಲ್ಲ. ಆದರೆ ಅಲ್ಲಿಗೆ ಅವನೇ ಒಂದು ವಿಷಯ ಒಪ್ಪಿಕೊಂಡ ಹಾಗಾಯಿತು: ಕೊನೆಯ ಮನೆಗೆ ಹೋಗುವ ಖರ್ಚನ್ನು ಯಾರೋ ಒಬ್ಬರು ಕೊಡಲೇಬೇಕು.

ದೂರ ಎಷ್ಟೇ ಇದ್ದರೂ ಒಂದೇ ದರ ಎಂಬುದು ದಯೆಯಿಂದ ಹುಟ್ಟಿದ್ದಲ್ಲ. ಲಂಡನ್ನಿನಿಂದ ಎಡಿನ್‌ಬರೊಗೆ ಒಂದು ಪತ್ರ ಒಯ್ಯಲು ತಗಲುವ ಖರ್ಚು ಒಂದು ಪೆನ್ನಿಯ ಸಣ್ಣ ಚೂರು ಮಾತ್ರ ಎಂದು ಲೆಕ್ಕ ಹಾಕಿ ತೋರಿಸಿದ್ದು ರೋಲೆಂಡ್ ಹಿಲ್. 1840ರಲ್ಲಿ ಅವರ ಪೆನ್ನಿ ಅಂಚೆ ಶುರುವಾಯಿತು. ಡಾಲ್‌ಹೌಸಿ ಕಾಲದಲ್ಲಿ, 1854ರಲ್ಲಿ, ಅರ್ಧ ಆಣೆಯ ಏಕರೂಪ ದರ ಇಲ್ಲಿಗೂ ಬಂತು. 1879ರಲ್ಲಿ ಕಾಲು ಆಣೆಯ ಕಾರ್ಡು ಬಂತು. ಲಕ್ಷಾಂತರ ಪತ್ರಗಳು ಓಡಾಡುವ ತನಕ ಈ ಲೆಕ್ಕ ಕೂಡಿಬರುತ್ತದೆ, ಊರಿನ ಪತ್ರವೇ ಕಾಡಿನ ಪತ್ರವನ್ನು ಹೊತ್ತು ಸಾಗುತ್ತದೆ. ಪತ್ರಗಳು ಕಡಿಮೆಯಾದರೂ ಪೋಸ್ಟ್‌ಮ್ಯಾನ್ ನಡೆಯಬೇಕಾದ ದಾರಿ ಮೊದಲಿನಷ್ಟೇ ಉದ್ದ. ತೊಂದರೆ ಇರುವುದು ಇಲ್ಲಿ, ಮತ್ತು ಇದು ಮಾಲೀಕ ಬದಲಾದ ಮಾತ್ರಕ್ಕೆ ಹೋಗುವ ತೊಂದರೆಯಲ್ಲ.

ಆ ಹಿಲ್‌ನ ದೇಶವನ್ನೇ ನೋಡಬಹುದು. ಬ್ರಿಟನ್ 2013ರಲ್ಲಿ ರಾಯಲ್ ಮೇಲನ್ನು ಷೇರುಪೇಟೆಗೆ ಬಿಟ್ಟಿತು. 330 ಪೆನ್ಸ್‌ಗೆ ಕೊಟ್ಟ ಷೇರು ಮೊದಲ ದಿನವೇ ನೆಗೆಯಿತು. ಸಾರ್ವಜನಿಕ ಆಸ್ತಿಯನ್ನು ಅಗ್ಗಕ್ಕೆ ಕೊಟ್ಟರು ಎಂಬ ಗಲಾಟೆಯೂ ಆಯಿತು. ಆಗ ಮೊದಲ ದರ್ಜೆಯ ಸ್ಟಾಂಪಿನ ಬೆಲೆ 60 ಪೆನ್ಸ್. 2025ರ ಏಪ್ರಿಲ್‌ನಲ್ಲಿ ಅದು 1.70 ಪೌಂಡ್. ಕಾಗದಗಳನ್ನು ಸಮಯಕ್ಕೆ ತಲುಪಿಸದೆ ಕಂಪನಿ ಮತ್ತೆ ಮತ್ತೆ ದಂಡ ಕಟ್ಟಿತು. 2025ರಲ್ಲಿ ಅದು ಜೆಕ್ ಉದ್ಯಮಿಯೊಬ್ಬರ ಕೈ ಸೇರಿತು. ಅದೇ ವರ್ಷ, ಎರಡನೆಯ ದರ್ಜೆಯ ಪತ್ರಗಳನ್ನು ವಾರದ ದಿನಗಳಲ್ಲಿ ದಿನ ಬಿಟ್ಟು ದಿನ ಹಂಚಿದರೆ ಸಾಕು ಎಂದು ನಿಯಂತ್ರಣ ಸಂಸ್ಥೆ ಒಪ್ಪಿತು. ಇದನ್ನು ದೊಡ್ಡಪ್ಪನ ಪಕ್ಷದವರು ಚಪ್ಪಾಳೆ ತಟ್ಟಿ ಹೇಳಬಹುದು.

ಆದರೆ ಡೆನ್ಮಾರ್ಕಿನ ಕಥೆ ಕೇಳಿದರೆ ಚಪ್ಪಾಳೆ ಅರ್ಧಕ್ಕೇ ನಿಲ್ಲುತ್ತದೆ. ಅಲ್ಲಿಯ ಪೋಸ್ಟ್‌ನಾರ್ಡ್ ಯಾರಿಗೂ ಮಾರಿದ ಕಂಪನಿಯಲ್ಲ. ಸ್ವೀಡನ್ ಮತ್ತು ಡೆನ್ಮಾರ್ಕ್ ಸರ್ಕಾರಗಳದ್ದೇ. ಎಲ್ಲ ಮನೆಗೂ ಪತ್ರ ತಲುಪಿಸಲೇಬೇಕು ಎಂಬ ಹೊಣೆಯನ್ನು 2024ರ ಹೊಸ ಕಾನೂನು ತೆಗೆದುಹಾಕಿತು. 2025ರ ಕೊನೆಗೆ ಆ ಕಂಪನಿ ಡೆನ್ಮಾರ್ಕಿನಲ್ಲಿ ಪತ್ರ ಹಂಚುವುದನ್ನೇ ಬಿಟ್ಟುಬಿಟ್ಟಿತು. ಈಗ ಅಲ್ಲಿ ಪತ್ರ ತಲುಪಿಸುತ್ತಿರುವುದು ಒಂದು ಖಾಸಗಿ ಕಂಪನಿ! ಖಾಸಗಿಯಾದ ರಾಯಲ್ ಮೇಲ್ ಕಾನೂನಿನ ಕಟ್ಟಿಗಾಗಿ ಇನ್ನೂ ಮನೆಮನೆಗೆ ಹೋಗುತ್ತಿದೆ, ಸರ್ಕಾರದ್ದೇ ಆದ ಪೋಸ್ಟ್‌ನಾರ್ಡ್ ಹೋಗುತ್ತಿಲ್ಲ. ಹೀಗಾಗಿ ಮಾಲೀಕ ಯಾರು ಎನ್ನುವುದಕ್ಕಿಂತ, ಹೋಗಲೇಬೇಕೆಂಬ ಹೊಣೆ ಕಾಗದದ ಮೇಲೆ ಇದೆಯೇ, ಅದಕ್ಕೆ ಹಣ ಎಲ್ಲಿಂದ ಎನ್ನುವುದೇ ಕೇಳಬೇಕಾದ ಮಾತು.

ಇಲ್ಲಿ ಅದು ಹೇಗಿದೆ? 1898ರ ಕಾಯ್ದೆಯಲ್ಲಿ ಪತ್ರ ಒಯ್ಯುವ ಏಕಸ್ವಾಮ್ಯ ಸರ್ಕಾರದ್ದಾಗಿತ್ತು. ಅದರ ಜಾಗಕ್ಕೆ ಬಂದ 2023ರ ಅಂಚೆ ಕಚೇರಿ ಕಾಯ್ದೆಯಲ್ಲಿ ಆ ಏಕಸ್ವಾಮ್ಯ ಇಲ್ಲ. ಅಂದರೆ ಲಾಭ ಬರುವ ದಾರಿಗಳೆಲ್ಲ ಯಾರಿಗೆ ಬೇಕಾದರೂ ತೆರೆದಿವೆ. ಮುಂಬಯಿ-ಬೆಂಗಳೂರು ನಡುವಿನ ಪಾರ್ಸೆಲ್ಲಿಗೆ ಹತ್ತು ಜನ ಬರುತ್ತಾರೆ. ಬೈಂದೂರಿನ ಒಳಗಿನ ಗುಡ್ಡದ ಮನೆಗೆ ಬರುವವನು ಒಬ್ಬನೇ, ಮತ್ತು ಆ ಒಬ್ಬನನ್ನೇ ನಷ್ಟದವನು ಎಂದು ಕರೆಯುತ್ತಾರೆ. ಪ್ರಾಥಮಿಕ ಶಾಲೆ ನಷ್ಟದಲ್ಲಿದೆ ಎಂದು ಯಾರೂ ಹೇಳುವುದಿಲ್ಲ, ಅದಕ್ಕೆ ಬಜೆಟ್ ಇದೆ ಎನ್ನುತ್ತಾರೆ.

ಮಾರಾಟ ಆಗದೆಯೂ ಬೆಲೆ ಏರುವುದು ಹೇಗೆ ಎಂಬುದು ಹೊರನಾಡ ಕನ್ನಡಿಗರಿಗೆ ಈಚೆಗೆ ಚೆನ್ನಾಗಿಯೇ ಗೊತ್ತಾಗಿದೆ. ಊರಿನ ಜಮೀನಿನ ಕಾಗದ, ವಕೀಲರ ನೋಟಿಸು ಕಳಿಸುವವರಿಗೆ ರಿಜಿಸ್ಟರ್ಡ್ ಪೋಸ್ಟ್ ಎಂದರೆ ಒಂದು ಧೈರ್ಯ. ಅದು 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ತೆರಿಗೆಯೂ ಸೇರಿ ಸುಮಾರು 26 ರೂಪಾಯಿಗೆ ದೇಶದ ಯಾವ ಮೂಲೆಗಾದರೂ ಹೋಗುತ್ತಿದ್ದ ತೆಳುವಾದ ಲಕೋಟೆಗೆ ಅಕ್ಟೋಬರ್‌ನ ಹೊಸ ದರದಲ್ಲಿ, ದೂರದ ಊರಾದರೆ, 47 ರೂಪಾಯಿ. ರಿಜಿಸ್ಟ್ರೇಷನ್ ಬೇಕಾದರೆ ಇನ್ನೂ 5. ಮೇಲೆ ತೆರಿಗೆ. 2024ರ ಡಿಸೆಂಬರ್‌ನಲ್ಲಿ ಪುಸ್ತಕಗಳ ಅಗ್ಗದ ಅಂಚೆ ನಿಂತಾಗ ಕಾಗದದ ಬೆಲೆಗೇ ಬಸವಳಿದಿದ್ದ ಸಣ್ಣ ಪ್ರಕಾಶಕರಿಗೆ ಮತ್ತೊಂದು ಪೆಟ್ಟು. 2025ರ ಮೇ ತಿಂಗಳಲ್ಲಿ ಜ್ಞಾನ ಪೋಸ್ಟ್ ಎಂಬ ಹೆಸರಿನಲ್ಲಿ ಇನ್ನೊಂದು ರಿಯಾಯಿತಿ ದರ ಬಂತು ನಿಜ. ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ಕನ್ನಡ ಪುಸ್ತಕದ ಅಂಗಡಿ ಹುಡುಕಿ ಸೋತವರಿಗೆ ಅಂಚೆಯ ದರವೇ ಪುಸ್ತಕದ ದರ. ಪುಸ್ತಕಕ್ಕೆ ನೂರೈವತ್ತು ಕೊಟ್ಟು ಕೊರಿಯರಿಗೆ ನೂರು ಕೊಡುವವರು ಎಷ್ಟು ಜನ?

ತಮ್ಮನ ಮಗ ಹೇಳುವುದರಲ್ಲಿ ಒಪ್ಪಬೇಕಾದದ್ದೂ ಇದೆ. ಪಾರ್ಸೆಲ್, ಎಕ್ಸ್‌ಪ್ರೆಸ್ ಸೇವೆಗಳು ಮಾರುಕಟ್ಟೆಯ ದರದಲ್ಲೇ ನಡೆಯಲಿ. ಅಲ್ಲಿ ಕೊರಿಯರ್ ಕಂಪನಿಗೆ ಸೋತರೆ ಸೋಲಲಿ. ಆದರೆ ಹಳ್ಳಿಯ ಬ್ರಾಂಚು, ಸಾದಾ ಪತ್ರ, ಪಿಂಚಣಿ, ಪುಸ್ತಕ, ಇಷ್ಟಕ್ಕೆ ಎಷ್ಟು ಖರ್ಚು ಎಂದು ಬೇರೆಯೇ ಲೆಕ್ಕ ಹಾಕಿ, ಅದನ್ನು ಸಂಸತ್ತಿನ ಮುಂದಿಟ್ಟು, ಬಜೆಟ್ಟಿನಿಂದ ಕೊಡಬೇಕು. ನಷ್ಟ ಎಂಬ ಹೆಸರಿನಡಿ ಅದು ಅಡಗಿರುವ ತನಕ, ಪ್ರತಿ ಸಾರಿ ಕತ್ತರಿ ಬೀಳುವುದು ಅದರ ಮೇಲೆಯೇ.

ಈಗ ಆ ಖರ್ಚನ್ನು ಕೊಡುತ್ತಿರುವವರು ಯಾರೆಂದರೆ, ಒಂದು ಪಾಲು ಆ ಪೋಸ್ಟ್‌ಮಾಸ್ಟರ್ ಹೆಂಗಸೇ. ದೇಶದ ಸುಮಾರು 1.65 ಲಕ್ಷ ಅಂಚೆ ಕಚೇರಿಗಳಲ್ಲಿ ಹತ್ತರಲ್ಲಿ ಒಂಬತ್ತು ಇರುವುದು ಹಳ್ಳಿಗಳಲ್ಲಿ. ಅವುಗಳಲ್ಲಿ ಹೆಚ್ಚಿನವನ್ನು ನಡೆಸುವವರು ಗ್ರಾಮೀಣ ಡಾಕ್ ಸೇವಕರು. ಇಲಾಖೆಯ ಕಾಯಂ ನೌಕರರ ಲೆಕ್ಕಕ್ಕೆ ಅವರು ಸೇರುವುದಿಲ್ಲ, ಕಾಯಂ ನೌಕರರ ಪಿಂಚಣಿಯೂ ಅವರಿಗಿಲ್ಲ. ದಿನಕ್ಕೆ ನಾಲ್ಕೈದು ಗಂಟೆ ಕೆಲಸ, ಬ್ರಾಂಚ್ ಪೋಸ್ಟ್‌ಮಾಸ್ಟರಿಗೆ 12,000 ರೂಪಾಯಿಯಿಂದ ಶುರುವಾಗುವ ಭತ್ಯೆ, ಮೇಲೆ ತುಟ್ಟಿಭತ್ಯೆ. ಕಚೇರಿಗೆ ಜಾಗವನ್ನೂ ಅವರೇ ಹೊಂದಿಸಬೇಕು. ಅತ್ತೆಯ ಊರಿನಲ್ಲಿ ಅದು ಆ ಹೆಂಗಸಿನ ಮನೆಯ ಚಾವಡಿ: ಒಂದು ಮೇಜು, ತಕ್ಕಡಿ, ಮುದ್ರೆ, ಬೆರಳಚ್ಚಿನ ಯಂತ್ರ. ಕೆಲಸಕ್ಕೆ ಅರ್ಜಿ ಹಾಕುವವರಿಗೆ ಬದುಕಲು ಬೇರೆ ಆದಾಯ ಇರಬೇಕು ಎಂಬುದು ನೇಮಕದ ಷರತ್ತು. ಮಧ್ಯಾಹ್ನ ಮೇಜಿನ ಮೇಲೆ ಬಟ್ಟೆ ಹೊದೆಸಿ ಆಕೆ ಹೊಲಿಗೆ ಯಂತ್ರದ ಮುಂದೆ ಕೂರುತ್ತಾಳೆ. ಆಗ ಯಾರಾದರೂ ಬಂದು ಕದ ಬಡಿದರೆ ಎದ್ದು ಬರುತ್ತಾಳೆ.