ವ್ಯಾಸಪೀಠಕ್ಕೆ ಸಿಕ್ಕ ಹೊಸ ಕೆಲಸ

ನಮ್ಮ ಕಾಸರಗೋಡಿನಲ್ಲಿ ಬೇನೆ ಒಂದೇ ಆದರೂ ಅದನ್ನು ಹೇಳಿಕೊಳ್ಳಲು ಭಾಷೆಗಳಿಗೆ ಬರವಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು ಮಲಯಾಳದಲ್ಲಿ ‘ನಡುವೇದನ’ ಎನ್ನುತ್ತಾರೆ. ಮಂಜೇಶ್ವರದ ಕಡೆಯವರಿಗೆ ತುಳುವಿನಲ್ಲಿ ಅದು ‘ಬೆರಿಬೇನೆ’. ನಮ್ಮ ಮನೆಯಲ್ಲಿ ‘ಸೊಂಟ ಹಿಡಿದಿದೆ’ ಎಂದರೆ ಮುಗಿಯಿತು, ಉಳಿದದ್ದನ್ನು ಮುಖವೇ ಹೇಳುತ್ತದೆ. ಮಲಯಾಳದ ಆ ‘ನಡು’ ನಮ್ಮದೂ ಹೌದು. ಮಧ್ಯಕ್ಕೂ ಸೊಂಟಕ್ಕೂ ಒಂದೇ ಮಾತನ್ನು ಇಟ್ಟವರು ಮೈಯನ್ನು ಚೆನ್ನಾಗಿ ಬಲ್ಲವರಾಗಿರಬೇಕು. ಯಕ್ಷಗಾನದ ಚೌಕಿಯಲ್ಲಿ ವೇಷ ಕಟ್ಟುವಾಗ ನೋಡಿದರೆ ತಿಳಿಯುತ್ತದೆ: ಸೊಂಟವನ್ನು ಬಿಗಿದು ಕಟ್ಟಿದ ಮೇಲೆಯೇ ಕಲಾವಿದ ಎದ್ದು ನಿಲ್ಲುತ್ತಾನೆ. ಟೊಂಕ ಕಟ್ಟುವುದೆಂದರೆ ಅವನಿಗೆ ಬರೀ ನುಡಿಗಟ್ಟಲ್ಲ.

ನನ್ನ ನಡು ಹಿಡಿದದ್ದು ಕುಣಿದೂ ಅಲ್ಲ, ಅಡಿಕೆ ಗೋಣಿ ಹೊತ್ತೂ ಅಲ್ಲ. ಕೂತು. 1956ರ ನವೆಂಬರ್ 1ರಿಂದ ನಾವು ಕೇರಳದವರು. ಕಾಗದಪತ್ರ ಬರುವುದು ಮಲಯಾಳದಲ್ಲಿ, ಓದಬೇಕಾದವರು ಕನ್ನಡದವರು. ನಡುವೆ ನನ್ನಂಥವರು ಕೂತು ಅನುವಾದ ಮಾಡುತ್ತೇವೆ. ಬಹಳ ವರ್ಷ ನಾನು ಮಾಡಿದ್ದು ಹೀಗೆ: ಮಲಯಾಳದ ಹಾಳೆ ಎಡಗಡೆ ಮೇಜಿನ ಮೇಲೆ ಮಟ್ಟಸವಾಗಿ, ಲ್ಯಾಪ್‌ಟಾಪು ಎದುರಿಗೆ. ಒಂದು ವಾಕ್ಯಕ್ಕೆ ಒಮ್ಮೆ ಕತ್ತು ಎಡಕ್ಕೆ ತಿರುಗಿ ಬಾಗಬೇಕು, ಮತ್ತೆ ಪರದೆಗೆ ಮರಳಬೇಕು. ಮನುಷ್ಯನ ತಲೆಯ ಭಾರ ಸುಮಾರು 5 ಕಿಲೊ, ಎಂದರೆ ಸುಲಿದ ತೆಂಗಿನಕಾಯಿ ಎಂಟು-ಹತ್ತರಷ್ಟು. ನೆಟ್ಟಗಿದ್ದಾಗ ಬೆನ್ನೆಲುಬು ಅದನ್ನು ಸಲೀಸಾಗಿ ಹೊರುತ್ತದೆ. ಮುಂದಕ್ಕೆ ಬಾಗಿದರೆ ಆ ಭಾರವನ್ನು ಹಿಡಿದು ಎಳೆಯುವ ಕೆಲಸ ಕತ್ತಿನ, ಬೆನ್ನಿನ ಸ್ನಾಯುಗಳ ಪಾಲಿಗೆ ಬರುತ್ತದೆ. ಸಂಜೆಯ ಹೊತ್ತಿಗೆ ನನ್ನ ಎಡಹೆಗಲು ಕಲ್ಲಾಗುತ್ತಿತ್ತು. ಅದು ಮೆಲ್ಲನೆ ಇಳಿದು ಸೊಂಟ ಸೇರಿದ ಮೇಲೆ ಬಾಗಿ ಚಪ್ಪಲಿ ಹಾಕುವುದೂ ಕಷ್ಟವಾಯಿತು.

ಎಣ್ಣೆಗೆ ಇಲ್ಲಿ ಕೊರತೆಯಿಲ್ಲ. ಮುರಿವೆಣ್ಣ, ಕೊಟ್ಟಂಚುಕ್ಕಾದಿ, ಧನ್ವಂತರ ತೈಲ, ಒಂದೊಂದು ಮನೆಯಲ್ಲಿ ಒಂದೊಂದರ ಮೇಲೆ ನಂಬಿಕೆ. ಹಚ್ಚಿ ಬಿಸಿನೀರು ಮಿಂದಾಗ ಸಿಗುವ ಹಾಯನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಮಿಂದು ಬಂದವನು ಮತ್ತೆ ಅದೇ ಕುರ್ಚಿಯಲ್ಲಿ, ಅದೇ ಕೋನದಲ್ಲಿ ಕೂತರೆ ಎಣ್ಣೆ ತಾನೇ ಏನು ಮಾಡೀತು?

ಕೊನೆಗೆ ಫಿಸಿಯೋಥೆರಪಿ ಮಾಡುವ ಹುಡುಗಿಯೊಬ್ಬಳು ಹೇಳಿದ ವಿಷಯ ನನ್ನ ಕಣ್ಣು ತೆರೆಸಿತು. ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತೆಯಂಥ 23 ಡಿಸ್ಕುಗಳಿವೆ. ದೊಡ್ಡವರಲ್ಲಿ ಅವುಗಳ ಒಳಕ್ಕೆ ರಕ್ತನಾಳ ಹೋಗುವುದೇ ಇಲ್ಲ. ಬೇಕಾದ ಆಹಾರ ಸುತ್ತಲಿಂದ ಒಸರಿ ಒಳಗೆ ಸೇರಬೇಕು. ಮೈ ಅಲುಗಾಡಿದಾಗ ಡಿಸ್ಕು ಒಮ್ಮೆ ಒತ್ತಿ ಒಮ್ಮೆ ಸಡಿಲವಾಗಿ, ಹಿಂಡಿ ಬಿಟ್ಟ ಬಟ್ಟೆ ನೀರು ಹೀರಿದ ಹಾಗೆ ಹೀರಿಕೊಳ್ಳುತ್ತದೆ. ಗಂಟೆಗಟ್ಟಲೆ ಅಲುಗದೆ ಕೂತವನ ಡಿಸ್ಕು ಉಪವಾಸ! ಸ್ವೀಡನ್ನಿನ ವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಜೀವಂತ ಮನುಷ್ಯರ ಡಿಸ್ಕಿನೊಳಗೇ ಸೂಜಿಯಿಟ್ಟು ಒತ್ತಡ ಅಳೆದಿದ್ದರಂತೆ. ಆಸರೆಯಿಲ್ಲದೆ ಕೂತಾಗ ಒತ್ತಡ ನಿಂತಾಗಿನದಕ್ಕಿಂತ ಹೆಚ್ಚು ಎಂದು ಅವರಿಗೆ ಕಂಡಿತು. ಆಮೇಲಿನವರ ಅಳತೆಯಲ್ಲಿ ಆ ಅಂತರ ಅಷ್ಟಾಗಿ ಕಾಣಲಿಲ್ಲ. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇರಬಾರದು ಎಂಬಲ್ಲಿ ಮಾತ್ರ ಎಲ್ಲರೂ ಒಂದಾಗುತ್ತಾರೆ.

ಈ ಮಾತನ್ನು ಪಕ್ಕದ ಮನೆಯ ಅಕ್ಕನಿಗೆ ಹೇಳಿದೆ. ಅವರು ಹುಡುಗಿಯಾಗಿದ್ದಾಗಿನಿಂದ ಬೀಡಿ ಕಟ್ಟಿದವರು. ಮಡಿಲಲ್ಲಿ ಗೆರಸೆ, ಬಗ್ಗಿದ ಕತ್ತು, ಲೆಕ್ಕ ತುಂಬುವವರೆಗೆ ಎದ್ದೇಳುವ ಹಾಗಿಲ್ಲ. “ಇದನ್ನು ಕಲಿಯಲು ನಿಮಗೆ ಡಾಕ್ಟ್ರು ಬೇಕಾಯ್ತಾ ಮಾರಾಯ್ರೆ? ನಾವು ಒಂದು ಕಟ್ಟು ಮುಗಿದ ಕೂಡ್ಲೆ ನೀರು ಕುಡಿಯುವ ನೆಪದಲ್ಲಿ ಏಳ್ತಿದ್ದೆವು. ಏಳದವರ ಬೆನ್ನು ಈಗ ನೋಡಿ,” ಎಂದರು. ಆ ಕೊನೆಯ ಮಾತು ನನಗೆ ನಾಟಿತು. ಮೇಜಿನ ಕೆಲಸದವರ ಬೆನ್ನುನೋವಿನ ಬಗ್ಗೆ ಇಷ್ಟೆಲ್ಲ ಮಾತಾಡುವ ನಾವು, ಕೂಲಿಗಾಗಿ ನೆಲದ ಮೇಲೆ ಕೂತೇ ಆಯುಷ್ಯ ಸವೆಸಿದ ಈ ಹೆಂಗಸರ ಬೆನ್ನನ್ನು ಎಂದಾದರೂ ಕೇಳಿದ್ದೇವೆಯೇ? ಕಾಸರಗೋಡು ಸೀರೆ ನೇಯುವವರೂ ಕೂತೇ ದುಡಿಯುತ್ತಾರೆ, ಆದರೆ ಮಗ್ಗದಲ್ಲಿ ಕೈಯ ಜೊತೆ ಕಾಲೂ ಓಡುತ್ತಿರುತ್ತದೆ. ಬೀಡಿಗೆ ಬರೀ ಬೆರಳು, ನನ್ನ ಕೆಲಸಕ್ಕೂ ಬರೀ ಬೆರಳು.

ಆ ರಾತ್ರಿಯೇ ಮೇಜು ಬದಲಾಯಿಸಲು ಕೂತೆ. ದುಬಾರಿ ಕುರ್ಚಿ ತರಿಸೋಣವೆಂದು ಮಗ ಹೇಳಿದ. ಬೇಡ, ಮೊದಲು ಮನೆಯಲ್ಲಿ ಇದ್ದದ್ದನ್ನು ನೋಡೋಣ ಎಂದೆ. ಅಟ್ಟದಲ್ಲಿ ಅಜ್ಜನ ವ್ಯಾಸಪೀಠ ಇತ್ತು. ಆಟಿ ತಿಂಗಳ ಮಳೆಯಲ್ಲಿ ಅಜ್ಜ ಅದರ ಮೇಲೆ ಭಾರತ ಇಟ್ಟು ಓದುತ್ತಿದ್ದುದು, ಕೇಳುತ್ತ ಕೇಳುತ್ತ ನಾನು ನಿದ್ದೆ ಹೋಗುತ್ತಿದ್ದುದು ನೆನಪಿದೆ. ಅಷ್ಟು ಹೊತ್ತು ಓದಿದರೂ ಅಜ್ಜನ ಬೆನ್ನು ಕಂಬದ ಹಾಗೆ ಇರುತ್ತಿತ್ತು. ಪುಸ್ತಕವೇ ಕಣ್ಣಿನ ಕಡೆಗೆ ಎದ್ದು ಬಂದಿತ್ತಲ್ಲ, ಕಣ್ಣು ಪುಸ್ತಕಕ್ಕೆ ಇಳಿಯಬೇಕಾಗಿರಲಿಲ್ಲ. ಅದನ್ನು ಒರೆಸಿ, ಹಿಂದೊಂದು ರಟ್ಟು ಕೊಟ್ಟು, ಪರದೆಗೆ ತಾಗಿದಂತೆ ಇಟ್ಟೆ. ಮಲಯಾಳದ ಹಾಳೆ ಅದರ ಮೇಲೆ ನಿಂತಿತು. ಈಗ ಕತ್ತು ತಿರುಗಬೇಕಿಲ್ಲ, ಕಣ್ಣು ಹೊರಳಿದರೆ ಸಾಕು.

ಲ್ಯಾಪ್‌ಟಾಪಿನದು ಬೇರೆ ತೊಡಕು. ಪರದೆ ಕಣ್ಣಿಗೆ ಸರಿಯಾದರೆ ಕೀಲಿಮಣೆ ಕೈಗೆ ಎತ್ತರ, ಕೀಲಿಮಣೆ ಸರಿಯಾದರೆ ಪರದೆ ತಗ್ಗು. ಬೇರೆ ಕೀಲಿಮಣೆ ಒಂದನ್ನು ಕೊಂಡೆ, ನಾನು ಖರ್ಚು ಮಾಡಿದ್ದು ಅದಕ್ಕೊಂದಕ್ಕೇ. ಹಲಸಿನ ಹಲಗೆಯ ತುಂಡುಗಳ ಮೇಲೆ ಲ್ಯಾಪ್‌ಟಾಪು ಏರಿತು: ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ಒಂದು ತೋಳಿನಷ್ಟು ದೂರಕ್ಕೆ. ಮೊಣಕೈ ಮೈಗೆ ತಾಗಿಕೊಂಡೇ ಮಡಿಚಿದಂತಿರಬೇಕು, ಹೆಗಲು ಮೇಲೇಳಬಾರದು. ಕುರ್ಚಿ ಎತ್ತರವಾಗಿ ಪಾದ ತೇಲುತ್ತಿತ್ತು, ಊಟದ ಮಣೆಯನ್ನು ಕಾಲಡಿಗೆ ಎಳೆದೆ. ಸೊಂಟದ ಒಳಬಾಗಿಗೆ ಸುರುಳಿ ಸುತ್ತಿದ ಬೈರಾಸು. ಅದು ಸಿಕ್ಕ ಕೂಡಲೇ ಬೆನ್ನು ತಾನಾಗಿ ಹಿಂದಕ್ಕೆ ಒರಗಿತು.

ಕಿಟ್ಟೆಲ್ಲರ ನಿಘಂಟನ್ನೂ ಪರದೆಯ ಅಡಿಗಿಡಬಹುದಿತ್ತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಬಂದ ಆ ಗ್ರಂಥಕ್ಕೆ 1700ಕ್ಕೂ ಹೆಚ್ಚು ಪುಟ, ಎತ್ತರಕ್ಕೂ ಸರಿಹೋಗುತ್ತಿತ್ತು. ಮನಸ್ಸು ಒಪ್ಪಲಿಲ್ಲ. ಬದಲಿಗೆ ಅದನ್ನು ಮೇಜಿನಿಂದ ತೆಗೆದು ಕೋಣೆಯ ಆಚೆ ಬದಿಯ ಕಪಾಟಿನಲ್ಲಿಟ್ಟೆ. ಒಂದು ಪದಕ್ಕೆ ಸಂಶಯ ಬಂದರೆ ಏಳಲೇಬೇಕು. ಅನುವಾದಕನಿಗೆ ಅರ್ಧ ಗಂಟೆಗೊಮ್ಮೆಯಾದರೂ ಸಂಶಯ ಬರದೆ ಇರುವುದಿಲ್ಲ.

ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಯವರು ನೆನಪಾಗುತ್ತಾರೆ. 1915ರಲ್ಲಿ ಹುಟ್ಟಿ ನೂರು ತುಂಬಿಸಿದ ಕವಿ, ಮೇಷ್ಟ್ರು, ಬೇಸಾಯಗಾರ. ಆತ್ಮಕಥೆಗೆ ಇಟ್ಟ ಹೆಸರೇ ‘ದುಡಿತವೇ ನನ್ನ ದೇವರು’. ಪೆನ್ನು ಹಿಡಿದ ಕೈಗೆ ತೋಟದ ಕೆಲಸವೂ ಇತ್ತು. ಬರವಣಿಗೆಗೂ ಅಂಗಳಕ್ಕೂ ನಡುವೆ ಓಡಾಟವಿದ್ದ ಆ ಬದುಕನ್ನು ನಾವು ಬರೀ ಕುರ್ಚಿಗೆ ಇಳಿಸಿಕೊಂಡೆವಲ್ಲ ಎಂದು ನನಗೆ ನಿಜವಾಗಿ ಬೇಸರವಾಗುತ್ತದೆ.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ನೋವು ಕಾಲಿಗೆ ಇಳಿದು ಜೋಮು ಹಿಡಿದರೆ, ಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಎಣ್ಣೆ, ಮಣೆ ಎಂದು ಕಾಯಬಾರದು, ಅಂದೇ ಆಸ್ಪತ್ರೆಗೆ ಹೋಗಬೇಕು. ಬರೀ ಹಿಡಿದ ಸೊಂಟಕ್ಕೆ ವಾರಗಟ್ಟಲೆ ಮಲಗುವುದನ್ನು ಈಗ ವೈದ್ಯರು ಹೇಳುವುದಿಲ್ಲ, ತಾಳುವಷ್ಟು ನಡೆಯಿರಿ ಎನ್ನುತ್ತಾರೆ.

ಇವತ್ತು ಬೆಳಿಗ್ಗೆ ‘ನಡು’ ಎಂಬ ಪದವನ್ನೇ ನೋಡೋಣವೆಂದು ಕಪಾಟಿನ ಬಳಿ ಹೋದೆ. ಮಧ್ಯ, ಸೊಂಟ, ಎರಡೂ ಅರ್ಥ ಅಲ್ಲಿವೆ. ಪುಟ ಮಡಚದೆ ನಿಂತಲ್ಲೇ ಇನ್ನೂ ನಾಲ್ಕು ಪದ ಓದಿದೆ. ಅಂಗಳದಲ್ಲಿ ಹರಡಿದ ಅಡಿಕೆಯನ್ನು ಅಕ್ಕ ಕಾಲಿನಿಂದ ಸರಿಸುತ್ತ ನಡೆಯುತ್ತಿದ್ದುದು ಕಿಟಕಿಯಲ್ಲಿ ಕಾಣುತ್ತಿತ್ತು.